ಮುಳಬಾಗಿಲಿನ ಹಳೆಯ ಮನೆ

ಬೆಂಗಳೂರಿನಿಂದ ಮದರಾಸಿನ ಹೆದ್ದಾರಿಯನ್ನು ಹಿಡಿದು ಮೂಡಲಿಗೆ ಹೊರಟವರಿಗೆ ಹೊಸಕೋಟೆ, ನರಸಾಪುರಗಳು ಕಳೆದ ಮೇಲೆ ಕೋಲಾರವು ಸಿಕ್ಕುತ್ತದೆ. ಅಲ್ಲಿಂದ ಮುಂದಕ್ಕೆ ಇನ್ನು ಸುಮಾರು 30 ಕಿಲೋಮೀಟರು ಹೋಗುವುದರೊಳಗಾಗಿ ನೆಲದ ಮುಖವೇ ಬದಲಾಗುತ್ತದೆ. ಹೊಲಗಳ ನಡುವೆ, ಕೆರೆಯ ಏರಿಗಳ ಹಿಂದೆ, ಮನೆಗಳ ಹಿತ್ತಿಲಲ್ಲಿ, ಎಲ್ಲಿ ನೋಡಿದರೂ ಬಂಡೆ. ಒಂದರ ಮೇಲೊಂದು, ಇನ್ನೇನು ಉರುಳಿತು ಎಂಬಂತೆ ನಿಂತು, ಸಾವಿರಾರು ವರ್ಷಗಳಿಂದ ಉರುಳದೆ ಇರುವ ದುಂಡು ಬಂಡೆಗಳು. ಅಂಥ ಬಂಡೆಗಳ ಒಂದು ದೊಡ್ಡ ಬೆಟ್ಟದ ಅಡಿಯಲ್ಲಿ ಮುಳಬಾಗಿಲು ಇದೆ. ‘ಮೂಡಲ ಬಾಗಿಲು’ ಎಂಬುದೇ ಮುಳಬಾಗಿಲಾಯಿತೆಂದು ಹೇಳುವುದುಂಟು. ಹಳೆಯ ಮೈಸೂರು ಸೀಮೆಯನ್ನು ಬಿಟ್ಟು ಹೊರಡುವವರಿಗೆ ಇದೇ ಕೊನೆಯ ದೊಡ್ಡ ಊರು. ನಂಗಲಿಯನ್ನು ದಾಟಿದರೆ ಆಂಧ್ರ. ಊರಿನೊಳಗೆ ಕನ್ನಡವನ್ನು ಆರಂಭಿಸಿದ ಮಾತು ತೆಲುಗಿನಲ್ಲಿ ಮುಗಿಯುತ್ತದೆ, ತೆಲುಗಿನಲ್ಲಿ ಆರಂಭಿಸಿದ ಜಗಳ ಕನ್ನಡದಲ್ಲಿ ಮುಗಿಯುತ್ತದೆ.

ಈ ಊರನ್ನು ಕುರಿತು ಬರೆಯುವವರು ಅರ್ಜುನನು ಪ್ರತಿಷ್ಠಿಸಿದನೆಂದು ಹೇಳುವ ಆಂಜನೇಯಸ್ವಾಮಿಯ ಗುಡಿಯಿಂದ ಹೊರಟು, ಸೋಮೇಶ್ವರನನ್ನೂ ಹೈದರ್ ವಲಿಯವರ ದರ್ಗಾವನ್ನೂ ನೋಡಿಕೊಂಡು, ಶ್ರೀಪಾದರಾಜರ ನರಸಿಂಹತೀರ್ಥಕ್ಕೆ ಹೋಗಿ ಮುಗಿಸುವುದು ರೂಢಿ. ನಾವು ಆ ಕ್ರಮವನ್ನು ಬಿಟ್ಟು ಒಂದು ಸಾಮಾನ್ಯವಾದ ಮನೆಯ ವಿಷಯವನ್ನು ಹೇಳಬೇಕೆಂದಿದ್ದೇವೆ. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ತಮ್ಮ ಬಾಲ್ಯದ ಮುಳಬಾಗಿಲನ್ನು ಅವರು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ತೋರಿಸಿದ್ದಾರೆ. ಅಂಥವರು ಬರೆದ ಮೇಲೆ ನಾವು ಬಾಲ್ಯದ ನೆನಪೆಂದು ಲೇಖನಿ ಹಿಡಿಯುವುದು ಧಾರ್ಷ್ಟ್ಯವಾದೀತು. ಆದರೆ ಅವರು ಚಿತ್ರಿಸಿದ್ದು ಮನುಷ್ಯರನ್ನು. ನಮ್ಮದು ಗೋಡೆ, ಸೂರು, ಬಚ್ಚಲುಗಳ ಮಾತು. ವಾಚಕರು ಕ್ಷಮಿಸಬೇಕು.

ಬೆಟ್ಟದ ತಪ್ಪಲಿನ ಒಂದು ಬೀದಿಯಲ್ಲಿ ನಮ್ಮ ತಾತನ ಕಾಲದ ಮನೆಯೊಂದಿದೆ. ನಮ್ಮ ತಂದೆಯವರು ಉದ್ಯೋಗಕ್ಕಾಗಿ ಬೆಂಗಳೂರಿಗೆ ಬಂದವರು ಅಲ್ಲಿಯೇ ನಿಂತರು. ದೊಡ್ಡಪ್ಪನವರು ಊರಿನಲ್ಲಿಯೇ ಉಳಿದರು. ಆದಕಾರಣ ಅಣ್ಣ ತಂಗಿಯರಾದ ನಮಗಿಬ್ಬರಿಗೂ ಮುಳಬಾಗಿಲೆಂದರೆ ಬೇಸಿಗೆಯ ರಜ. 1960ರಿಂದ ಈಚೆಗೆ ಏಳೆಂಟು ವರ್ಷಗಳ ಕಾಲ, ಏಪ್ರಿಲಿನಲ್ಲಿ ಶಾಲೆ ಮುಚ್ಚಿದ ಕೂಡಲೆ ನಮ್ಮನ್ನು ಕೋಲಾರದ ಬಸ್ಸಿಗೆ ಹತ್ತಿಸುವರು. ಕೋಲಾರದಲ್ಲಿ ಬಸ್ಸು ಬದಲಿಸಬೇಕು. ಮುಳಬಾಗಿಲಿನ ನಿಲ್ದಾಣದಲ್ಲಿ ದೊಡ್ಡಪ್ಪನವರು ಕೊಡೆ ಹಿಡಿದು ನಿಂತಿರುವರು. ಮನೆಗೆ ಹೋಗುವ ಮೊದಲೇ ದೋಸೆ. ಮುಳಬಾಗಿಲಿನ ದೋಸೆ ಇಂದು ಬೆಂಗಳೂರಿನಲ್ಲಿಯೂ ಹೆಸರುವಾಸಿಯಾಗಿದೆ. ಚಿಕ್ಕದು, ದಪ್ಪನೆಯದು, ತುಪ್ಪದಲ್ಲಿ ಅಂಚು ಕೆಂಪಗೆ ಗರಿಗರಿಯಾಗಿ ನಡುವೆ ಮೆತ್ತಗಿರುವಂಥದು. ಎಷ್ಟು ತಿಂದೆವೆಂಬುದನ್ನು ಮನೆಯಲ್ಲಿ ಹೇಳಬಾರದೆಂದು ದೊಡ್ಡಪ್ಪನವರ ಕಟ್ಟಪ್ಪಣೆ.

ಮನೆಯು ತೊಟ್ಟಿಯ ಮನೆ. ಮುಂದೆ ಉದ್ದವಾದ ಜಗಲಿ. ತಿರುಪತಿಗೆ ನಡೆದುಹೋಗುವ ಯಾತ್ರಿಕರು ಒಮ್ಮೊಮ್ಮೆ ಅದರ ಮೇಲೆ ರಾತ್ರಿ ಮಲಗಿದ್ದು ಬೆಳಗಾಗುವುದರೊಳಗೆ ಎದ್ದು ಹೋಗಿಬಿಡುತ್ತಿದ್ದರು. ಬಾಗಿಲನ್ನು ದಾಟಿದರೆ ಪಡಸಾಲೆ, ಅದರಾಚೆ ನಾಲ್ಕು ಕಂಬಗಳ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ಎಡಕ್ಕೆ ಅಡಿಗೆಯ ಮನೆ, ಬಲಕ್ಕೆ ಕಿಟಕಿಯಿಲ್ಲದ ಒಂದು ಕೋಣೆ. ಹಿಂದೆ ಹಿತ್ತಿಲು, ಬಾವಿ, ಬಚ್ಚಲು. ನಮಗೆ ಮನೆಯೆಲ್ಲಕ್ಕಿಂತ ಪ್ರಿಯವಾಗಿದ್ದುದು ಆ ಕಿಟಕಿಯಿಲ್ಲದ ಕೋಣೆ. ಶ್ರೀನಿವಾಸಪುರದ ಕಡೆಯಿಂದ ಬಂದ ಮಾವಿನ ಕಾಯಿಗಳನ್ನು ಹುಲ್ಲಿನಲ್ಲಿ ಹಾಸಿ ಅಲ್ಲಿ ಹಣ್ಣಿಗೆ ಹಾಕುತ್ತಿದ್ದರು. ಹಗಲು ಹೊತ್ತಿನಲ್ಲಿಯೂ ಕತ್ತಲೆ. ಕೈಯಿಂದ ತಡವಿ, ಮೂಗಿನಿಂದ ನೋಡಿ ಹಣ್ಣನ್ನು ಹುಡುಕಬೇಕು. ಮೊದಲನೆಯ ನೆನಪು ಯಾವುದೆಂದು ಯಾರಾದರೂ ಕೇಳಿದರೆ ನಾವಿಬ್ಬರೂ ಹೇಳುವುದು ಆ ಕತ್ತಲೆಯ ಘಮವನ್ನೇ. ಇನ್ನೊಂದು, ತೊಟ್ಟಿಯೊಳಗೆ ಮಳೆ ಬೀಳುವುದು. ಮೇ ತಿಂಗಳ ಒಂದು ಸಂಜೆ ಗುಡುಗಿ, ನಾಲ್ಕೂ ಕಡೆಯ ಹೆಂಚಿನಿಂದ ನೀರು ಹಗ್ಗದಂತೆ ಇಳಿದು, ಕಲ್ಲುಚಪ್ಪಡಿಯ ಮೇಲೆ ಆನೆಕಲ್ಲು ಪುಟಿಯುವಾಗ ಮಕ್ಕಳೆಲ್ಲ ಒಳಗೇ ಇದ್ದುಕೊಂಡು ತೊಯ್ಯುವ ಆ ಭಾಗ್ಯವು ಬೆಂಗಳೂರಿನ ನಮ್ಮ ಬಾಡಿಗೆಯ ಮನೆಯಲ್ಲಿ ಎಲ್ಲಿಂದ ಬರಬೇಕು?

ಮೂರನೆಯದು ಒಂದು ಹೆಂಚು. ಅಟ್ಟದ ಏಣಿಯನ್ನು ಹತ್ತಿ ಸೂರಿಗೆ ಮುಖವಿಟ್ಟರೆ ಮಂಗಳೂರು ಹೆಂಚಿನ ಕೆಳಮೈಯಲ್ಲಿ ಇಂಗ್ಲಿಷ್ ಅಕ್ಷರಗಳೂ ‘1865’ ಎಂಬ ಅಂಕಿಯೂ ಕಾಣುತ್ತಿದ್ದವು. ಮನೆಯು ಆ ವರ್ಷದಲ್ಲಿ ಕಟ್ಟಿದ್ದೆಂದು ದೊಡ್ಡಪ್ಪನವರ ಮಗ, ಅಂದರೆ ನಮಗೆ ಅಣ್ಣನಾಗಬೇಕಾದವನು, ನಮಗೆ ಹೇಳಿಕೊಟ್ಟನು. ನಾವದನ್ನು ಬೆಂಗಳೂರಿನ ಶಾಲೆಯಲ್ಲೆಲ್ಲ ಸಾರಿದೆವು.

ದೊಡ್ಡಪ್ಪನವರು ತೀರಿಹೋದ ಮೇಲೆ ನಾವು ಹೋಗಿಬರುವುದು ಕಡಮೆಯಾಯಿತು. ಮದುವೆ ಮುಂಜಿಗಳಿಗೆ ಹೋಗಿ, ಊಟಮಾಡಿ, ತೊಟ್ಟಿಯನ್ನು ನೋಡಿ ನಿಟ್ಟುಸಿರು ಬಿಟ್ಟು ಬರುವುದಷ್ಟೆ. ಹೀಗಿರಲು 2021ರ ನವೆಂಬರ್ ಬಂದಿತು. ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ಕೂಡಿದರೂ ಮಳೆ ಸುಮಾರು 30 ಅಂಗುಲ. ನದಿಯೆಂದು ಹೇಳಿಕೊಳ್ಳುವಂಥದು ಇಲ್ಲ. ಹಿಂದಿನವರು ಕಟ್ಟಿದ ಕೆರೆಗಳೇ ಗತಿ. ಅಂಥಲ್ಲಿ ಆ ತಿಂಗಳು ದಿನಗಟ್ಟಲೆ ಮಳೆ ಹಿಡಿಯಿತು. ಬಹುಕಾಲದಿಂದ ತುಂಬದಿದ್ದ ಕೆರೆಗಳು ಕೋಡಿಬಿದ್ದವು; ಜನರು ತಂಡತಂಡವಾಗಿ ಹೋಗಿ ಕೋಡಿಗೆ ಪೂಜೆ ಮಾಡಿದರು. ಆದರೆ ಮಣ್ಣುಗೋಡೆಯ ಮನೆಗಳು ಊರೂರಿನಲ್ಲಿ ಕುಸಿದವು. ನಮ್ಮ ಮನೆಯು ಕುಸಿಯಲಿಲ್ಲ. ಬಡಗಣ ಗೋಡೆಯು ಉಬ್ಬಿತು, ಅಡಿಗೆಯ ಮನೆಯ ಸೂರು ಒಂದು ಗೇಣು ತಗ್ಗಿತು. 83 ವರ್ಷದ ದೊಡ್ಡಮ್ಮನವರು ಎರಡು ರಾತ್ರಿ ಪಡಸಾಲೆಯಲ್ಲಿ ಕುಳಿತೇ ಬೆಳಗು ಮಾಡಿದರೆಂದು ಅಣ್ಣನು ದೂರವಾಣಿಯಲ್ಲಿ ತಿಳಿಸಿದನು. ಹಿಂದಿನಿಂದಲೇ, “ಕೆಡವಿಬಿಡುತ್ತೇನೆ,” ಎಂದನು.

ನಾವು ಮಾರನೆಯ ದಿನವೇ ಹೊರಟೆವು. ನೆರವಾಗುವುದಕ್ಕೆಂದು ಹೇಳಿಕೊಂಡು ಹೋದದ್ದು ನಿಜ, ಮನಸ್ಸಿನಲ್ಲಿದ್ದುದು ತಡೆಯಬೇಕೆಂಬುದು.

ಅಣ್ಣನ ವಾದವು ಸರಳವಾಗಿತ್ತು. ಮನೆಗೆ ನೂರೈವತ್ತು ವರ್ಷ ತುಂಬಿತು, 1865ರದು. ಇನ್ನು ನಿಲ್ಲುವುದೆಂಬ ಭರವಸೆಯಿಲ್ಲ. ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿದರೆ ಮುದುಕಿಗೆ ಒಣಗಿದ ಒಂದು ಕೋಣೆಯಾದರೂ ಆದೀತು. ನಮ್ಮ ವಾದವೂ ಅಲ್ಲಿಂದಲೇ ಹೊರಡುತ್ತಿತ್ತು: ನೂರೈವತ್ತು ವರ್ಷದ ಮನೆ, 1865ರದು, ಅಂಥದನ್ನು ಕೆಡವಲು ಕೈಯಾದರೂ ಹೇಗೆ ಬರುತ್ತದೆ? ಈ ವಾಗ್ವಾದವು ಮೂರು ದಿನ ನಡೆಯಿತು. ದೊಡ್ಡಮ್ಮನವರು ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಅವರನ್ನು ಯಾರೂ ಕೇಳಲೂ ಇಲ್ಲವೆಂಬುದು ನಮಗೆ ಹೊಳೆದದ್ದು ಬಹಳ ದಿನಗಳ ಮೇಲೆ.

ನಾಲ್ಕನೆಯ ದಿನ ಗೋಡೆಯನ್ನು ನೋಡಿ ಹೇಳಲೆಂದು ಒಬ್ಬ ಮೇಸ್ತ್ರಿಯನ್ನು ಕರೆಸಿದೆವು. ಆಂಧ್ರದ ಕಡೆಯವರು, ಎಪ್ಪತ್ತರ ಮೇಲಿನ ಮುದುಕರು. ಗಾರೆಯ ಕೆಲಸವನ್ನು ತಂದೆಯಿಂದ ಕಲಿತು ಬಹುಕಾಲ ಅದಕ್ಕೆ ಗಿರಾಕಿಯಿಲ್ಲದೆ ಇದ್ದವರು. ಅವರು ಅಟ್ಟವನ್ನು ಹತ್ತಿ, ಹೆಂಚನ್ನು ನೋಡಿ, ನಕ್ಕರು. 1865 ಮನೆಯ ವಯಸ್ಸಲ್ಲ, ಕಾರ್ಖಾನೆಯ ವಯಸ್ಸು! ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಆ ವರ್ಷವನ್ನು ತಮ್ಮ ಮುದ್ರೆಯೊಡನೆ ಮುಂದೆ ಬಹುಕಾಲ ಹೆಂಚಿನ ಮೇಲೆ ಒತ್ತುತ್ತಿದ್ದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಆ ಕಾರ್ಖಾನೆಗಳನ್ನು ವಶಪಡಿಸಿಕೊಂಡು ಬೇರೆ ಕೈಗೆ ಕೊಟ್ಟಿತು. ಆದ್ದರಿಂದ ನಮ್ಮ ಸೂರಿನ ಹೆಂಚು ಯುದ್ಧಕ್ಕೆ ಹಿಂದಿನದೆಂದು ಹೇಳಬಹುದೇ ಹೊರತು ಅದಕ್ಕಿಂತ ಹೆಚ್ಚಲ್ಲ. ಬೌರಿಂಗ್‌ಪೇಟೆಯವರೆಗೆ, ಅಂದರೆ ಇಂದಿನ ಬಂಗಾರಪೇಟೆಯವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದ ಹೆಂಚೆಂದು ದೊಡ್ಡಮ್ಮನವರು ತಮ್ಮ ಮಾವನವರಿಂದ ಕೇಳಿದ್ದರಂತೆ. ಇಷ್ಟು ದಿನ ಅವರು ಅದನ್ನು ಏಕೆ ಹೇಳಲಿಲ್ಲವೆಂದು ಕೇಳಿದೆವು. “ನೀವು ವರ್ಷ ಹೇಳಿಕೊಂಡು ಸಂತೋಷವಾಗಿದ್ದಿರಿ,” ಎಂದರು.

ಅಣ್ಣನ ವಾದಕ್ಕೂ ನಮ್ಮ ವಾದಕ್ಕೂ ಒಟ್ಟಿಗೆ ಬುಡ ಸಡಿಲವಾಯಿತು. ಮೇಸ್ತ್ರಿಗಳು ಗೋಡೆಯ ಬುಡವನ್ನು ಸುತ್ತಿಗೆಯಿಂದ ತಟ್ಟುತ್ತ ಬಂದು ನಿಜವಾದ ರೋಗವನ್ನು ತೋರಿಸಿದರು. ಗೋಡೆಯು ಬೆಟ್ಟದ ಕಲ್ಲಿನ ತಳಪಾಯದ ಮೇಲೆ ಮಣ್ಣಿನಿಂದ ಎಬ್ಬಿಸಿದ್ದು, ಎರಡು ಅಡಿ ದಪ್ಪ. ನೆಲದ ತೇವವು ಅಂಥ ಗೋಡೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೇರುವುದು ಸಹಜ. ಮೊದಲಿದ್ದ ಸುಣ್ಣದ ಗಾರೆಯು ಆ ತೇವವನ್ನು ಹೊರಗೆ ಬಿಡುತ್ತಿತ್ತು. ಬಿಸಿಲಿಗೆ ಗೋಡೆ ಒಣಗುತ್ತಿತ್ತು. ನಲವತ್ತು ವರ್ಷಗಳ ಹಿಂದೆ, ಮನೆಯು ಗಟ್ಟಿಯಾಗಲೆಂದು, ಗೋಡೆಗೆಲ್ಲ ಸಿಮೆಂಟು ಬಳಿದಿದ್ದರು. ಸಿಮೆಂಟು ತೇವಕ್ಕೆ ದಾರಿ ಕೊಡದು. ಒಳಗೆ ಸೇರಿದ ನೀರು ಒಳಗೇ ನಿಂತು, ಮೇಲೆ ಕಲ್ಲಿನಂತೆ ಕಾಣುವ ಗೋಡೆಯು ಒಳಗೆ ಹಿಟ್ಟಾಗಿತ್ತು. ಮೇಸ್ತ್ರಿಗಳು ಉಳಿಯಿಂದ ಸಿಮೆಂಟಿನ ಒಂದು ಚಕ್ಕೆಯನ್ನು ಎಬ್ಬಿಸಿದಾಗ ಹಿಂದಿನ ಮಣ್ಣು ಒದ್ದೆ ಕಲಸಿದ ರಾಗಿಹಿಟ್ಟಿನಂತೆ ಕೈಗೆ ಬಂದಿತು. ಆ ಸಿಮೆಂಟಿನ ಕೂಲಿಗೆ ನಮ್ಮ ತಂದೆಯವರೇ ಬೆಂಗಳೂರಿನಿಂದ ಹಣ ಕಳುಹಿಸಿದ್ದರು. ಅಣ್ಣನು ಇದನ್ನು ಹೇಳಲಿಲ್ಲ, ನಾವೇ ಹೇಳಬೇಕಾಯಿತು.

ಕೆಡವುವುದು ಬೇಡವೆಂದು ತೀರ್ಮಾನವಾಯಿತು. ಮುಖ್ಯ ಕಾರಣ ಖರ್ಚು. ಗೋಡೆಯ ಮೇಲಿನ ಸಿಮೆಂಟನ್ನೆಲ್ಲ ಕಿತ್ತು, ಬಡಗಣ ಗೋಡೆಯ ಉಬ್ಬಿದ ಭಾಗವನ್ನು ಮಾತ್ರ ಬಿಚ್ಚಿ ಕಟ್ಟಿ, ಅಡಿಗೆಯ ಮನೆಯ ತೊಲೆಗಳನ್ನು ಬದಲಿಸಿ, ಎಲ್ಲಕ್ಕೂ ಸುಣ್ಣದ ಗಾರೆ ಹಾಕುವುದೆಂದು ನಿಶ್ಚಯಿಸಿದೆವು. 2022ರ ಫೆಬ್ರವರಿಯಿಂದ ಮೇ ತಿಂಗಳವರೆಗೆ ನಾವು ಅಲ್ಲಿಯೇ ಇದ್ದೆವು. ಇಬ್ಬರಿಗೂ ನಿವೃತ್ತಿಯಾಗಿದ್ದುದರಿಂದ ಕಾಲಕ್ಕೆ ಕೊರತೆಯಿರಲಿಲ್ಲ. ಅರವತ್ತು ದಾಟಿದವರ ಕೈಯಲ್ಲಿ ಎಂಥ ಕೆಲಸ ಆದೀತು? ಹೆಂಚನ್ನು ಒಂದೊಂದಾಗಿ ಇಳಿಸಿ, ತೆಂಗಿನ ನಾರಿನಿಂದ ಉಜ್ಜಿ, ಬೆರಳಿನಿಂದ ತಟ್ಟಿ ನೋಡುವುದು ನಮ್ಮ ಪಾಲು. ಒಳ್ಳೆಯ ಹೆಂಚು ಗಂಟೆಯಂತೆ ನುಡಿಯುತ್ತದೆ; ಬಿರುಕು ಬಿಟ್ಟದ್ದು ಕೆಮ್ಮುತ್ತದೆ. ಸಾವಿರದ ಮೇಲೆ ಹೆಂಚನ್ನು ತಟ್ಟಿದ ಮೇಲೆ ರಾತ್ರಿ ಕನಸಿನಲ್ಲಿಯೂ ಅದೇ ಸದ್ದು.

ಸುಣ್ಣದ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ಮುಚ್ಚಿಡುವುದು ತರವಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಅದು ಭುಗಿಲೆಂದು ಕುದಿಯುತ್ತದೆ. ಕುದಿ ಅಡಗಿದ ಮೇಲೆ ಸೋಸಿ, ಗುಂಡಿಯಲ್ಲಿ ಮೇಲೆ ನೀರು ನಿಲ್ಲುವಂತೆ ಇಟ್ಟು, ಕಡಮೆಯೆಂದರೆ ಮೂರು ವಾರ ಕೊಳೆಯಬಿಡಬೇಕು. ಆಮೇಲೆ ಮರಳನ್ನೂ ಇಟ್ಟಿಗೆಯ ಪುಡಿಯನ್ನೂ ಸೇರಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ ಹದಮಾಡಬೇಕು. ಹಿಂದೆ ಎತ್ತು ಕಟ್ಟಿದ ಗಾರೆಯ ಗಾಣದಲ್ಲಿ ಅರೆಯುತ್ತಿದ್ದರು. ಈಗ ಮೋಟಾರಿನ ಯಂತ್ರ ಬಂದಿದೆ. ಹತ್ತು ದಿನವಾಗುವುದರೊಳಗೆ ನಮಗೆ ತಾಳ್ಮೆ ತೀರಿತು. ಮೇಸ್ತ್ರಿಗಳನ್ನು ದಿನಕ್ಕೆರಡು ಸಲ ಕೇಳತೊಡಗಿದೆವು. ಅವರು ವಿನಯದಿಂದ, “ತೊಂದರ ಪಡಕಂಡಿ ಸ್ವಾಮಿ,” ಎನ್ನುವರು. ನಾವು, “ತೊಂದರೆಯೇನೂ ಇಲ್ಲ, ನೀವು ಆರಂಭಿಸಿ,” ಎನ್ನುವೆವು. ಅವರು ನಮ್ಮನ್ನೊಂದು ಬಗೆಯಾಗಿ ನೋಡಿ, ಹಣ ಕೊಡುವವರ ಮಾತೆಂದು ಹನ್ನೆರಡನೆಯ ದಿನ ಪಡಸಾಲೆಯ ಗೋಡೆಗೆ ಗಾರೆ ಹಾಕಿದರು. ಒಂದು ತಿಂಗಳಾಗುವುದರೊಳಗೆ ಆ ಗೋಡೆಯಲ್ಲೆಲ್ಲ ಕಡಲೆಕಾಳಿನಷ್ಟು ಕಾಳಿನಷ್ಟು ಗುಳಿಗಳೆದ್ದು ಸಿಡುಬು ಬಂದ ಮುಖದಂತಾಯಿತು. ಪೂರ್ತಿಯಾಗಿ ನೀರು ಕುಡಿಯದ ಸುಣ್ಣದ ಹರಳುಗಳು ಗೋಡೆಯೊಳಗೆ ಕುಳಿತು, ಅಲ್ಲಿ ತೇವವನ್ನು ಹೀರಿ, ಉಬ್ಬಿ ಸಿಡಿಯುತ್ತವೆಂದು ಆಗ ತಿಳಿಯಿತು. ತೆಲುಗಿನಲ್ಲಿ ‘ತೊಂದರ’ ಎಂದರೆ ಅವಸರವೆಂಬುದೂ ಆಗಲೇ ತಿಳಿದದ್ದು! ದೊಡ್ಡಮ್ಮನವರು ಅದನ್ನು ಕೇಳಿ ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕರು. ಕನ್ನಡದವರ ತೊಂದರೆಗೆಲ್ಲ ತೆಲುಗಿನವರ ತೊಂದರವೇ ಮೂಲವೆಂದು ಅಣ್ಣನು ಈಗಲೂ ಹೇಳುತ್ತಿರುತ್ತಾನೆ. ಗಾರೆಯನ್ನೆಲ್ಲ ಕೆರೆದು ತೆಗೆದು ಮತ್ತೆ ಹಾಕಿಸಬೇಕಾಯಿತು, ಕೂಲಿಯೂ ಮತ್ತೆ.

ಸುಣ್ಣವು ಕೊಳೆಯುವ ಆ ವಾರಗಳಲ್ಲಿ ಮಾಡುವುದಕ್ಕೆ ಬೇರೆ ಕೆಲಸವಿಲ್ಲದೆ ಊರನ್ನು ಸುತ್ತಿದೆವು. ಮುಂಜಾನೆ ಎರಡು ಕಿಲೋಮೀಟರಿನಷ್ಟು ನಡೆದರೆ ನರಸಿಂಹತೀರ್ಥ. ಹದಿನೈದನೆಯ ಶತಮಾನದಲ್ಲಿ ಶ್ರೀಪಾದರಾಜರು ಅಲ್ಲಿ ಪಾಠ ಹೇಳಿದರು. ಮುಂದೆ ವಿಜಯನಗರದಲ್ಲಿ ರಾಜಗುರುಗಳಾಗಿ ಮೆರೆದ ವ್ಯಾಸರಾಯರು ಅವರಲ್ಲಿ ಓದಿದ್ದು ಇಲ್ಲಿಯೇ. ಸಂಸ್ಕೃತದ ಅಷ್ಟು ದೊಡ್ಡ ವಿದ್ವಾಂಸರು ಕನ್ನಡದಲ್ಲಿ, ಹೆಂಗಸರೂ ಮಕ್ಕಳೂ ಹಾಡುವಂಥ ಪದಗಳನ್ನು ಕಟ್ಟಿದರೆಂಬುದನ್ನು ನೆನೆದರೆ ಆ ಸ್ಥಳದ ಮೇಲೆ ಬೇರೊಂದು ಬಗೆಯ ಪ್ರೀತಿ ಹುಟ್ಟುತ್ತದೆ. ಒಂದು ದಿನ ಕುರುಡುಮಲೆಗೆ ಹೋಗಿ ಹದಿಮೂರು ಅಡಿಗೂ ಮೀರಿದ ಗಣೇಶನನ್ನು ನೋಡಿ ಬಂದೆವು. ಬೆಟ್ಟವನ್ನು ಅರ್ಧದವರೆಗೆ ಹತ್ತಿ ಮೊಣಕಾಲಿನ ಮಾತಿಗೆ ಕಿವಿಗೊಟ್ಟು ಇಳಿದೆವು. 1768ರ ಅಕ್ಟೋಬರಿನಲ್ಲಿ ಹೈದರಲಿಗೂ ಇಂಗ್ಲಿಷರ ಕರ್ನಲ್ ವುಡ್ಡನಿಗೂ ಯುದ್ಧ ನಡೆದದ್ದು ಈ ಬಂಡೆಗಳ ನಡುವೆಯೇ. ಇಂಗ್ಲಿಷರ ಕಡೆ ಸೋಲಾಗುತ್ತಿರುವಾಗ ಕ್ಯಾಪ್ಟನ್ ಬ್ರೂಕ್ ಎಂಬವನು ಎರಡು ಫಿರಂಗಿಗಳನ್ನು ಒಂದು ಬಂಡೆಯ ಮೇಲಕ್ಕೆ ಸಾಗಿಸಿ, ಗುಂಡು ಹಾರಿಸುತ್ತ, ತನ್ನ ಕಡೆಯವರಿಂದ ‘ಸ್ಮಿತ್, ಸ್ಮಿತ್’ ಎಂದು ಕೂಗಿಸಿದನು. ಕರ್ನಲ್ ಸ್ಮಿತ್ತನ ದೊಡ್ಡ ಸೈನ್ಯವೇ ಬಂದಿತೆಂದು ಹೈದರನ ಕಡೆಯವರು ಒಂದು ಗಳಿಗೆ ಹಿಂಜರಿದರಂತೆ. ಬಂಡೆಗಳ ನಡುವೆ ಕೂಗಿದರೆ ಒಂದು ಧ್ವನಿಯು ಹತ್ತಾಗುವುದನ್ನು ನಾವು ಮಕ್ಕಳಾಗಿದ್ದಾಗಲೇ ಕಂಡುಕೊಂಡಿದ್ದುದರಿಂದ ಈ ಕಥೆಯನ್ನು ನಂಬಲು ನಮಗೆ ಕಷ್ಟವಾಗಲಿಲ್ಲ.

ಮಾರ್ಚಿ ತಿಂಗಳ ಕೊನೆಯಲ್ಲಿ ಗೋಡೆಗಳ ಕೆಲಸವು ಒಂದು ಹದಕ್ಕೆ ಬಂದು, ಒಳಗಿನ ವ್ಯವಸ್ಥೆಯ ಮಾತು ಹೊರಟಿತು. ತೊಟ್ಟಿಯನ್ನು ಗಾಜಿನ ಹಾಳೆಯಿಂದ ಮುಚ್ಚಿಬಿಡಬೇಕೆಂದು ಅಣ್ಣನು ಹೇಳಿದನು. ನಾವು ಎದ್ದುನಿಂತೆವು. ತೊಟ್ಟಿಯನ್ನು ಮುಚ್ಚಿದ ಮೇಲೆ ಈ ಮನೆಯಲ್ಲಿ ಉಳಿಯುವುದಾದರೂ ಏನು, ಮಳೆಯು ಮನೆಯೊಳಗೆ ಬಂದು ಮಕ್ಕಳೊಡನೆ ಆಡುತ್ತಿದ್ದ ದಿನಗಳನ್ನು ಮರೆಯಲಾದೀತೇ ಎಂದು ಸ್ವಲ್ಪ ಉದ್ದವಾಗಿಯೇ ಮಾತನಾಡಿದೆವು. ಆಗ ದೊಡ್ಡಮ್ಮನವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, “ನೀವು ಬರುತ್ತಿದ್ದದ್ದು ಬೇಸಿಗೆಯಲ್ಲಿ,” ಎಂದರು.

ಅಷ್ಟೇ ಹೇಳಿ ಅವರು ಸುಮ್ಮನಾದರು. ನಾವು ಕೇಳಿದ ಮೇಲೆ ಉಳಿದದ್ದನ್ನು ಒಂದೊಂದಾಗಿ ಹೇಳಿದರು. ಅವರು ಹದಿನಾರು ವರ್ಷದವರಾಗಿ ಆ ಮನೆಗೆ ಬಂದದ್ದು 1954ರಲ್ಲಿ. ನಮ್ಮ ಪಾಲಿಗೆ ಮಳೆಯೆಂದರೆ ಮೇ ತಿಂಗಳ ಒಂದು ಸಂಜೆ. ಅವರ ಪಾಲಿಗೆ ಅಕ್ಟೋಬರು, ನವೆಂಬರು. ತೊಟ್ಟಿಯ ಮೋರಿಯು ಕಿರಿದು. ಕಸ ಕಟ್ಟಿಕೊಂಡರೆ ನೀರು ಪಡಸಾಲೆಗೂ ಅಡಿಗೆಯ ಮನೆಗೂ ನುಗ್ಗುವುದು. ನಡುರಾತ್ರಿಯಲ್ಲಿ ಎದ್ದು, ಸೀರೆಯನ್ನು ಎತ್ತಿ ಕಟ್ಟಿ, ಮೋರಿಯೊಳಗೆ ಮೊಣಕೈವರೆಗೆ ಕೈಹಾಕಿ ಕಸ ತೆಗೆಯುವುದು ಸೊಸೆಯ ಕೆಲಸ. ಅಡಿಗೆಯ ಮನೆಯಲ್ಲಿ ಒದ್ದೆ ಸೌದೆ, ಹೊಗೆಗೆ ದಾರಿಯಿಲ್ಲ. ಬಚ್ಚಲು ಹಿತ್ತಿಲಿನ ಕೊನೆಯಲ್ಲಿ, ಹೆರಿಗೆಯಾದ ಮೂರನೆಯ ದಿನವೂ ಅಲ್ಲಿಗೇ ಹೋಗಬೇಕು. ಹಿತ್ತಿಲ ಬಾಗಿಲಿನ ಹೊಸಿಲು ಒಂದು ಮೊಳ ಎತ್ತರ. ನಾವು ಅದರ ಮೇಲೆ ಕುದುರೆಯೆಂದು ಕುಳಿತು ಆಡಿದ್ದೆವು. ಆ ಹೊಸಿಲನ್ನು ಎಡವಿ ಅವರು ಎರಡು ಸಲ ಬಿದ್ದಿದ್ದರು. ಒಮ್ಮೆ ತುಂಬಿದ ಕೊಡದೊಡನೆ, ಒಮ್ಮೆ 79ನೆಯ ವಯಸ್ಸಿನಲ್ಲಿ, ಕೈಯ ಎಲುಬು ಮುರಿಯುವಂತೆ. ಎರಡನೆಯದನ್ನು ನಮಗೆ ಜಾರಿಬಿದ್ದರೆಂದು ಮಾತ್ರ ತಿಳಿಸಿದ್ದರು.

“ಮಾವಿನ ಹಣ್ಣಿನ ಕೋಣೆ?” ಎಂದು ನಮ್ಮಲ್ಲೊಬ್ಬರು ಕೇಳಿದೆವು. ಕೇಳಬಾರದಿತ್ತು.

“ಅದರಲ್ಲಿ ಚೇಳಿರುತ್ತಿದ್ದವು,” ಎಂದರು ದೊಡ್ಡಮ್ಮನವರು. “ನೀವು ಏಳುವ ಮುಂಚೆ ದಿನಾ ಹುಲ್ಲನ್ನೆಲ್ಲ ಕೊಡವಿ ನೋಡಿ ಮತ್ತೆ ಹಾಸುತ್ತಿದ್ದೆ. ಕೈ ಹಾಕುತ್ತೀರಲ್ಲ ಎಂದು.”

ಆ ಹೊತ್ತಿಗೆ ಯಾರಿಗೂ ಮಾತು ಹೊರಡಲಿಲ್ಲ. ಅಣ್ಣನು ಸಹ ತಾಯಿಯ ಮುಖವನ್ನು ಹೊಸದಾಗಿ ನೋಡುವವನಂತೆ ನೋಡುತ್ತಿದ್ದನು. ಅವನಿಗೂ ಇದರಲ್ಲಿ ಅರ್ಧದಷ್ಟು ತಿಳಿದಿರಲಿಲ್ಲವೆಂದು ತೋರುತ್ತದೆ. ಆಮೇಲೆ ಅವನೇ, “ಹಾಗಾದರೆ ತೊಟ್ಟಿಯನ್ನು ಮುಚ್ಚಿಸೋಣವಲ್ಲವೇ ಅಮ್ಮ?” ಎಂದು ಕೇಳಿದನು. ಅರವತ್ತೆಂಟು ವರ್ಷಗಳಲ್ಲಿ ಆ ಮನೆಯನ್ನು ಕುರಿತು ಅವರ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲಿರಬಹುದು.

ಅವರ ಉತ್ತರಗಳೆಲ್ಲ ಸಿದ್ಧವಾಗಿದ್ದವು! ತೊಟ್ಟಿಯನ್ನು ಮುಚ್ಚಕೂಡದು, ಮನೆಗೆ ಬೆಳಕು ಬರುವುದು ಅದೊಂದರಿಂದಲೇ, ಚಳಿಗಾಲದಲ್ಲಿ ಬಿಸಿಲಿಗೆ ಕೂರುವುದೂ ಅಲ್ಲಿಯೇ. ಮೋರಿಯನ್ನು ದೊಡ್ಡದು ಮಾಡಿ ಜಾಲರಿ ಹಾಕಬೇಕು; ಸೂರಿನ ಅಂಚನ್ನು ಒಂದು ಅಡಿ ಮುಂದಕ್ಕೆ ತರಬೇಕು; ಪಡಸಾಲೆಯ ಅಂಚಿಗೆ ನಾಲ್ಕು ಅಂಗುಲದ ಕಲ್ಲುಕಟ್ಟು. ಅಡಿಗೆಯ ಮನೆಯ ಸೂರಿನಲ್ಲಿ ಆರು ಗಾಜಿನ ಹೆಂಚು. ಹಿತ್ತಿಲ ಬಾಗಿಲಿನ ಹೊಸಿಲನ್ನು ನೆಲದ ಸಮಕ್ಕೆ ಕೊಯ್ಯಬೇಕು. ಬಚ್ಚಲೂ ಶೌಚದ ಕೋಣೆಯೂ ಮನೆಯೊಳಗೆ, ಅವರು ಮಲಗುವ ಕಡೆಗೆ ಹತ್ತಿರವಾಗಿ ಬರಬೇಕು. ಅದಕ್ಕೆ ಸರಿಯಾದ ಸ್ಥಳವೆಂದರೆ ಮಾವಿನ ಹಣ್ಣಿನ ಕೋಣೆ. ಮೇಸ್ತ್ರಿಗಳು ಅಳತೆಯ ಪಟ್ಟಿಯನ್ನು ಕೆಳಗಿಟ್ಟು, ಇಷ್ಟು ದಿನ ಈ ಅಮ್ಮನವರನ್ನು ಕೇಳದೆ ನಮ್ಮೊಡನೆ ಏಕೆ ಕಾಲ ಕಳೆದೆವೋ ಎಂಬ ಅರ್ಥದ ಒಂದು ಮಾತನ್ನು ತೆಲುಗಿನಲ್ಲಿ ಹೇಳಿದರು.

ಹೊಸಿಲನ್ನು ಕೊಯ್ಯುವ ದಿನ ಕಲ್ಲುಕುಟಿಗನು ಬಂದು, ಕಲ್ಲಿನ ಎಳೆಯನ್ನು ನೋಡಿ, ಒಂದು ಗೆರೆ ಎಳೆದು, ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಗುಳಿ ತೋಡಿ, ಗುಳಿಗೊಂದರಂತೆ ಕಬ್ಬಿಣದ ಬೆಣೆಯಿಟ್ಟು, ಈ ತುದಿಯಿಂದ ಆ ತುದಿಗೆ ಆ ತುದಿಯಿಂದ ಈ ತುದಿಗೆ ಹಗುರವಾಗಿ ತಟ್ಟುತ್ತ ಹೋದನು. ಬಲ ಹಾಕಿದಂತೆಯೇ ಕಾಣಲಿಲ್ಲ. ಇದ್ದಕ್ಕಿದ್ದಂತೆ ಬಟ್ಟೆ ಹರಿದಂಥ ಸದ್ದಾಗಿ ಕಲ್ಲು ಗೆರೆಗೆ ಸರಿಯಾಗಿ ಎರಡಾಯಿತು. ಈ ಸೀಮೆಯಲ್ಲಿ ಬೇಲಿಯ ಕಂಬ, ಮನೆಯ ಚಪ್ಪಡಿ, ಗುಡಿಯ ಕಂಬ ಎಲ್ಲವನ್ನೂ ಬೆಟ್ಟದಿಂದ ಬಿಡಿಸುವ ಕ್ರಮವು ಇದೇ. ಕೊಯ್ದ ಮೇಲಿನ ಭಾಗವನ್ನು ಬಾವಿಯ ಬಳಿ ಕೂರುವುದಕ್ಕೆ ಹಾಕಿದೆವು. ನಮ್ಮ ಕುದುರೆಯೆಂದು ಅದರ ಮೇಲೆ ಕುಳಿತು ನೋಡಿದೆವು. ಕಾಲು ನೆಲಕ್ಕೆ ಮುಟ್ಟಿ ಮಡಚಿಕೊಂಡಿತು.

ಮಾವಿನ ಕೋಣೆಯ ಹೊರಗೋಡೆಯಲ್ಲಿ ಗಾಳಿಗೆ ಕಿಂಡಿಯನ್ನು ಒಡೆದದ್ದು ಏಪ್ರಿಲಿನಲ್ಲಿ. ಆ ಕೋಣೆಯ ಒಳಗನ್ನು ನಾವು ಅದೇ ಮೊದಲು ಬೆಳಕಿನಲ್ಲಿ ಕಂಡದ್ದು. ಎಂಟು ಅಡಿ ಉದ್ದ, ಆರು ಅಡಿ ಅಗಲ. ನಮ್ಮ ನೆನಪಿನಲ್ಲಿ ಅದಕ್ಕೆ ಗಡಿಯೇ ಇರಲಿಲ್ಲ. ಅಲ್ಲಿ ಈಗ ಬಿಳಿಯ ಹಾಸುಗಲ್ಲು, ಕೈಗೆ ಆಧಾರವಾಗಿ ಗೋಡೆಗೆ ಎರಡು ಉಕ್ಕಿನ ಸರಳು. ಕೆಲಸಗಾರರೆಲ್ಲ ಹೋದ ಮೇಲೆ ಒಂದು ಸಂಜೆ ನಾವಿಬ್ಬರೂ ಯಾರಿಗೂ ಕಾಣದಂತೆ ಆ ಕೋಣೆಯೊಳಗೆ ಹೋಗಿ ಮೂಸಿ ನೋಡಿದೆವು. ಸುಣ್ಣದ ವಾಸನೆ, ಸಾಬೂನಿನ ವಾಸನೆ. ಬೇರೇನೂ ಇರಲಿಲ್ಲ. ದುಃಖವಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅದೇ ರಾತ್ರಿ ದೊಡ್ಡಮ್ಮನವರು ಯಾರನ್ನೂ ಎಬ್ಬಿಸದೆ, ದೀಪದ ಗುಂಡಿಯನ್ನೊತ್ತಿ, ಸರಳನ್ನು ಹಿಡಿದುಕೊಂಡು ಹೋಗಿಬಂದರು. ಹಿಂತಿರುಗಿ ಮಲಗುವಾಗ ಅವರು ತಮ್ಮಷ್ಟಕ್ಕೆ ಏನೋ ಗುನುಗುತ್ತಿದ್ದುದನ್ನು ನಾವು ಪಡಸಾಲೆಯಲ್ಲಿ ಮಲಗಿದ್ದಲ್ಲಿಂದ ಕೇಳಿದೆವು.

ಮೇ ತಿಂಗಳಲ್ಲಿ ನಾವು ಬೆಂಗಳೂರಿಗೆ ಹಿಂತಿರುಗಿದೆವು. ಆ ಸಲ ಮಾವಿನ ಹಣ್ಣನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಂಚದ ಕೆಳಗಿಟ್ಟಿದ್ದರು; ಅಲ್ಲಿಯೂ ಹಣ್ಣಾಯಿತು.

ಮನೆಯು ನಿಜವಾಗಿ ನೆಟ್ಟಗಾಗಿದೆಯೋ ಇಲ್ಲವೋ ಎಂಬುದು ಮಳೆ ಬಿದ್ದ ಹೊರತು ತಿಳಿಯದಷ್ಟೆ. ಅದಕ್ಕಾಗಿಯೇ 2022ರ ಅಕ್ಟೋಬರಿನಲ್ಲಿ, ನಮ್ಮ ಜೀವಮಾನದಲ್ಲಿ ಮೊದಲನೆಯ ಸಲ, ಮಳೆಗಾಲದ ಮುಳಬಾಗಿಲಿಗೆ ಹೋದೆವು. ಬೆಟ್ಟದ ಬಂಡೆಗಳು ಕಪ್ಪಗೆ ಹೊಳೆಯುತ್ತಿದ್ದವು, ಬೀದಿಯೆಲ್ಲ ಕೆಸರು. ಎರಡನೆಯ ರಾತ್ರಿ ಹನ್ನೊಂದರ ಮೇಲೆ ಮಳೆ ಹಿಡಿಯ

ಿತು. ಹೊಸ ಮೋರಿಯು ಗಳಗಳನೆ ನೀರು ಕುಡಿಯುವುದನ್ನು ದೀಪ ಹಾಕಿಕೊಂಡು ನಾವೂ ಅಣ್ಣನೂ ನೋಡುತ್ತ ನಿಂತೆವು. ಪಡಸಾಲೆಗೆ ಒಂದು ಹನಿಯೂ ಬರಲಿಲ್ಲ. ದೊಡ್ಡಮ್ಮನವರು ಮಾತ್ರ ಎದ್ದು ಬಂದವರು, ನಾವು ಬೇಡವೆಂದರೂ ಕೇಳದೆ, ಅಡಿಗೆಯ ಮನೆಯ ಮೂಲೆಯಲ್ಲಿ ಅರವತ್ತೆಂಟು ವರ್ಷಗಳಿಂದ ಸೋರುತ್ತಿದ್ದ ಸ್ಥಳದಲ್ಲಿ ಒಂದು ಹಿತ್ತಾಳೆಯ ತಪ್ಪಲೆಯನ್ನಿಟ್ಟು ಹೋಗಿ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ತಪ್ಪಲೆಯು ಒಣಗಿತ್ತು. ಅದರಿಂದ ಎರಡು ಅಡಿ ಆಚೆಗೆ, ಗಾಜಿನ ಹೆಂಚಿನ ಕೆಳಗೆ, ಹೊಸದಾಗಿ ಸೋರಿ ನೆಲ ಒದ್ದೆಯಾಗಿತ್ತು. ಅಣ್ಣನು ಮೇಸ್ತ್ರಿಗಳಿಗೆ ಹೇಳಿಕಳುಹಿಸಿದನು. ದೊಡ್ಡಮ್ಮನವರು ತಪ್ಪಲೆಯನ್ನು ಎರಡು ಅಡಿ ಸರಿಸಿದರು.